ಕುಷ್ಟನ ಪ್ರತಿಮೆಯಲ್ಲಿ ನಮ್ಮ ಪಾಲು

ನನ್ನ ತಮ್ಮ ಕುಷ್ಟ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ತ್ರಾಸಿ ದಾಟಿ ಮರವಂತೆ ಸಿಗುವ ಮೊದಲು, ಹೈವೇ ಬದಿಗೆ ಅವನ ಪ್ರತಿಮೆ ಕಂಡವರೆಲ್ಲ ಕಾರು ನಿಲ್ಲಿಸುತ್ತಾರೆ. ಚಪ್ಪಲಿ ಕಳಚುತ್ತಾರೆ. ಕಣ್ಣು ಮುಚ್ಚಿ ನಿಲ್ಲುತ್ತಾರೆ. ಒಬ್ಬ ಹೆಂಗಸಂತೂ ನಾನು ಅವನ ಅಕ್ಕ ಎಂದು ಗೊತ್ತಾದದ್ದೇ ನನ್ನ ಕೈ ಹಿಡಿದು ಅತ್ತೇಬಿಟ್ಟಳು.

"ಮರ್ಕ್‌ಬ್ಯಾಡಿ ಅಮ್ಮ. ಅವ ಈಗ ಮನಿಯಗೆ ಗಂಜಿ ಉಂತಾ ಇದ್ದ" ಅಂದೆ.

ಅವಳು ನಂಬಲಿಲ್ಲ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಗಂಡನಿಗೆ ಹೇಳುತ್ತಾ ಕಾರು ಹತ್ತಿದಳು.

ನಾನು ಚಂದ್ರಮತಿ. ಮೀನು ಮಾರುವವಳು. ಬೆಳಗಾದರೆ ದಡಕ್ಕೆ ಹೋಗಬೇಕು, ದೋಣಿ ಬಂದಲ್ಲಿ ಬಾಯಿ ಮಾಡಿ ಮೀನು ಕೊಳ್ಳಬೇಕು, ಬುಟ್ಟಿ ತಲೆ ಮೇಲೆ ಹೊತ್ತು ಮರಳಿನಲ್ಲಿ ಕಾಲು ಹೂತು ಹೂತು ಹೈವೇಗೆ ಹತ್ತಬೇಕು. ಮೀನಿನ ನೀರು ಕಿವಿ ಹಿಂದೆ ಇಳಿದು ರವಿಕೆಯೊಳಗೆ ಹೋಗುತ್ತದೆ. ಭಾರ ಹೊತ್ತು ಹೊತ್ತು ನಿನ್ನ ಕುತ್ತಿಗೆಯೇ ಮಾಯ ಆಗಿದೆ, ತಲೆ ಸೀದಾ ಭುಜದ ಮೇಲೆ ಕೂತಿದೆ ಎಂದು ಸರಸ ನಗಾಡುತ್ತಾಳೆ. ಸರಸ ನನ್ನ ಪಕ್ಕ ಕೂತು ಮಾರುವವಳು. ಅವಳ ಬಾಯಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ.

ನಮಗೆ ಬಸ್ಸಿನಲ್ಲಿ ಜಾಗ ಇಲ್ಲ. ಬುಟ್ಟಿ ಕಂಡರೆ ಕಂಡಕ್ಟರ್ ಎರಡು ಸೀಟಿ ಊದುತ್ತಾನೆ. ಮಧ್ಯಾಹ್ನ ಬಂಗುಡೆ ಸಾರು ಸುರಿದುಕೊಂಡು ಉಣ್ಣುವ ಮೂತಿಗಳೇ ಬೆಳಿಗ್ಗೆ ನಮ್ಮನ್ನು ಕಂಡು ಮೂಗು ಮುಚ್ಚುವುದು.

ಮೊದಲು ನಾವು ಗೋಳಿಮರದ ಬುಡದಲ್ಲಿ ಕೂರುತ್ತಿದ್ದೆವು. ರಸ್ತೆ ಅಗಲ ಆಯಿತು, ಮರ ಹೋಯಿತು. ಸಮುದ್ರದ ಬದಿಗೆ ಹೋದೆವು. ಕಡಲ ಕೊರೆತಕ್ಕೆ ಕಲ್ಲು ಹಾಕುತ್ತೇವೆ, ಏಳಿ ಅಂದರು. ಎದ್ದೆವು. ಕೊನೆಗೆ ಬಸ್ಸು ನಿಲ್ಲುವಲ್ಲಿ ಟಾರ್ಪಾಲು ಕಟ್ಟಿ ಕೂತೆವು. ಬಸ್ಸಿಳಿದವರು ಅಲ್ಲೇ ಮೀನು ಕೊಳ್ಳುತ್ತಿದ್ದರು. ಆ ಜಾಗ ಇದ್ದರೆ ನಮಗೆ ಅನ್ನ. ಇಲ್ಲದಿದ್ದರೆ ಮನೆ ಮನೆ ಗೇಟಿನಲ್ಲಿ ನಾಯಿ ಹತ್ತಿರ ಮಾತಾಡುವುದು.

ನಾವು ಕೂತ ಮೇಲೆ ನಮ್ಮ ಬೆನ್ನಿಗೇ ಶೇಖರಣ್ಣ ಲಾಡ್ಜ್ ಕಟ್ಟಿದರು. ಸಿಮೆಂಟು, ಕಬ್ಬಿಣ ಮಾರಿ ಮೇಲೆ ಬಂದವರು. ಲಾಡ್ಜಿನ ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆ. ಸ್ವಲ್ಪ ಬಗ್ಗಿದರೆ ನಾವು ಕಾಣುತ್ತೇವೆ. ಅದೇ ತೊಂದರೆ. ನಮ್ಮನ್ನು ಎಬ್ಬಿಸಿ ಎಂದು ಪಂಚಾಯ್ತಿಗೆ ಹೋದರು. ಪಂಚಾಯ್ತಿಯವರ ಮನೆಗೂ ಮೀನು ಬೇಕಲ್ಲ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಪೊಲೀಸರಿಗೆ ಹೇಳಿದರು. ಪೊಲೀಸರು ಬಂದು ಬೂತಾಯಿ ಮೀನು ಕೊಂಡು ಹೋದರು.

ಅಷ್ಟರಲ್ಲಿ ಕುಷ್ಟ ಮಿಲಿಟರಿಯಿಂದ ರಿಟೈರ್ ಆಗಿ ಬಂದ.

ಸುಮ್ಮನೆ ಬಂದ ಮಾರಾಯ್ರೆ. ಕುಂದಾಪುರದಲ್ಲಿ ಇಳಿದು, ಬಸ್ಸು ಹಿಡಿದು, ಟ್ರಂಕು ಹೊತ್ತು ಮನೆಗೆ ಬಂದು, "ಅಕ್ಕಾ, ಹಸಿವು" ಅಂದ. ಮೀನು ಸಾರು ಬಡಿಸಿದೆ. ಉಂಡು ಮಲಗಿದ. ಎರಡು ದಿನ ಲುಂಗಿಯಲ್ಲೇ ಇದ್ದ. ಮೂರನೇ ದಿನ ಶೇಖರಣ್ಣ ಜನ ಕಟ್ಟಿಕೊಂಡು ಅಂಗಳಕ್ಕೆ ಬಂದರು. ಊರಿಗೆ ವೀರಯೋಧ ಬಂದದ್ದು ಊರಿಗೇ ಗೊತ್ತಿಲ್ಲವಲ್ಲ ಎಂದು ಬೇಜಾರು ಮಾಡಿದರು. ನಾಳೆ ಯೂನಿಫಾರ್ಮ್ ಹಾಕಿಕೊಂಡು ವಾಪಸ್ ಕುಂದಾಪುರಕ್ಕೆ ಹೋಗಬೇಕು, ಅಲ್ಲಿಂದ ತೆರೆದ ಜೀಪಿನಲ್ಲಿ ಮತ್ತೊಮ್ಮೆ ಬರಬೇಕು ಅಂದರು.

"ನಾ ಬಂದಾಯ್ತಲೆ" ಅಂದ ಕುಷ್ಟ.

"ಅದ್ ಬಂದದ್ದಲ್ಲ. ನಾಳೆ ಬಪ್ಪುದ್ ಬಂದದ್ದ್" ಅಂದರು ಶೇಖರಣ್ಣ.

ಯೂನಿಫಾರ್ಮಿನ ಗುಂಡಿ ಹೊಟ್ಟೆಗೆ ಕೂರಲಿಲ್ಲ. ನಾನು ಸೇಫ್ಟಿ ಪಿನ್ ಹಾಕಿದೆ. ಚೆಂಡೆ, ಪಟಾಕಿ, ಬಾವುಟ, ಮೈಕು. ತಮ್ಮ ತನ್ನ ಊರಿಗೆ ಎರಡನೇ ಸಲ ಬಂದ. ಉಸಿರು ಬಿಟ್ಟರೆ ಪಿನ್ ಬಿಚ್ಚಿ ಚುಚ್ಚುತ್ತದೆ ಎಂದು ಎದೆ ಸೆಟೆಸಿಯೇ ನಿಂತಿದ್ದ. ಜನ, "ಕಾಣಿ, ಎಂಥ ಗತ್ತು!" ಅಂದರು.

ಲಾಡ್ಜಿನ ಎದುರು ಸ್ಟೇಜು. ಮೈಕು ಹಿಡಿದು ಪ್ರಶ್ನೆ ಕೇಳುವವರು ಶೇಖರಣ್ಣನೇ.

"ಮಿಲಿಟ್ರಿಗೆ ಸೇರ್‌ಕ್ ಅಂತ ಎಂತಕ್ಕೆ ಕಂಡದ್ದ್?"

"ಎಸ್ಸೆಲ್ಸಿ ಫೇಲ್ ಆಯ್ತ್. ಅಪ್ಪಯ್ಯನ ದೋಣಿ ಕಡ್ಲ್ ತಕಂಡ್ ಹೋಯ್ತ್. ಮನಿಯಗೆ ಉಂಬುಕಿತ್ತಿಲ್ಲೆ" ಅಂದ ಕುಷ್ಟ.

ಶೇಖರಣ್ಣ ಜನರ ಕಡೆ ತಿರುಗಿ, "ತಾಯ್ನಾಡಿನ ಕರೆ ಕೇಳಿ, ಓದು, ಮನೆ, ಊಟ ಎಲ್ಲವನ್ನೂ ತ್ಯಾಗ ಮಾಡಿದವರು!" ಎಂದರು. ಚಪ್ಪಾಳೆ.

"ಯುದ್ಧಭೂಮಿಯಗೆ ಎಂತ ಮಾಡಿದ್ರಿ?"

"ಅಡ್ಗೆ. ನಾನ್ ಅಡ್ಗೆ ಭಟ್ಟ."

"ವಿನಯ ಕಾಣಿ, ವಿನಯ!" ಚಪ್ಪಾಳೆ.

"ಗುಂಡು ಬಿದ್ದಾಗ?"

"ಹೆದ್ರಿಕೆ ಆಯ್ತ್. ಅನ್ನದ ಹಂಡೆ ಒಳ್ಗೆ ಹೊಕ್ಕಂಡೆ."

ಜನ ಹೊಟ್ಟೆ ಹಿಡಿದು ನಕ್ಕರು. ಎಂಥ ಹಾಸ್ಯ, ಸಾವಿನ ಎದುರೂ ತಮಾಷೆ ಮಾಡುವ ಗುಂಡಿಗೆ ಎಂದರು. ಕುಷ್ಟ ನನ್ನ ಕಡೆ ನೋಡಿದ. ನಾನೆಂತ ಮಾಡಲಿ?

"ಕಡಿಗೆ ಒಂದ್ ಮಾತ್. ಎಷ್ಟ್ ವೈರಿಗಳ್ನ ಕೊಂದಿರಿ?"

"ಕೋಳಿ ಕೊಂದದ್ದ್. ಲೆಕ್ಕ ಇಟ್ಟಿಲ್ಲೆ."

ಶೇಖರಣ್ಣ ಕೊನೆಯ ಮಾತು ಮಾತ್ರ ಹಿಡಿದರು. "ಲೆಕ್ಕವಿಲ್ಲದಷ್ಟು!" ಎಂದು ಕಿರುಚಿದರು. ಪಟಾಕಿ ಹೊಡೆದರು. ಅವತ್ತು ಸಂಜೆಯಿಂದ ನನ್ನ ತಮ್ಮ ಬರಿಗೈಯಲ್ಲಿ ವೈರಿಗಳ ಕುತ್ತಿಗೆ ತಿರುವಿದವನಾದ. ಕೋಳಿ ಕುತ್ತಿಗೆ ತಿರುವಿದ್ದು ಹೌದು, ಅದರಲ್ಲಿ ಸುಳ್ಳಿಲ್ಲ.

ಮನೆಗೆ ಬಂದು ಯೂನಿಫಾರ್ಮ್ ಬಿಚ್ಚಿ ಬಿಸಾಡಿದ. ಹೊಟ್ಟೆಯಲ್ಲಿ ಪಿನ್ ಗೀರಿದ ಗಾಯ. ಇಡೀ ನೌಕರಿಯಲ್ಲಿ ಅವನಿಗೆ ಆದ ಗಾಯ ಅದೊಂದೇ ಎಂದು ನಾನು ಕುಶಾಲು ಮಾಡಿದೆ. ಅವನು ನಗಲಿಲ್ಲ. ಆಗ ರಾಮನ ಸುದ್ದಿ ಹೇಳಿದ.

ರಾಮ ಬಿಹಾರದ ಕಡೆಯವನಂತೆ. ಇವನ ಜೊತೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವವನು. ಗುಂಡು ಬೀಳುವಾಗ ಇಬ್ಬರೂ ಹಂಡೆ ಕಡೆ ಓಡಿದರು. ಹಂಡೆಯಲ್ಲಿ ಒಬ್ಬನಿಗೆ ಜಾಗ. ಕುಷ್ಟ ಒಂದು ಹೆಜ್ಜೆ ಮುಂದಿದ್ದ.

"ಅಷ್ಟೇ ಅಕ್ಕ. ಅವ ಧೈರ್ಯದಗೆ ಸತ್ತದ್ದಲ್ಲ, ನಾ ಧೈರ್ಯದಗೆ ಉಳ್ದದ್ದಲ್ಲ. ಮಾರ್ನೇ ದಿನ ಬೆಳಿಗ್ಗೆ ಆಚಿ ಗುಡ್ಡದಗೆ ಹೊಗೆ ಏಳ್ತಾ ಇತ್ತ್. ಅಲ್ಲೂ ಯಾರೋ ನಮ್ಮಾಂಗೇ ಅನ್ನಕ್ಕೆ ಇಟ್ಟಿದ್ದ. ಅವ್ನ ಮೇಲೆ ನಂಗೆಂತ ಸಿಟ್ಟ್ ಹೇಳ್?"

ನಾನು ಅವನ ಗಾಯಕ್ಕೆ ಎಣ್ಣೆ ಹಚ್ಚಿದೆ.

ಆಮೇಲೆ ಪ್ರತಿಮೆಯ ಸುದ್ದಿ ಬಂತು. ಬಸ್ಸು ನಿಲ್ಲುವಲ್ಲಿ, ನಾವು ಕೂತಲ್ಲೇ, ಶೇಖರಣ್ಣನ ದುಡ್ಡಿನಲ್ಲಿ ವೀರಯೋಧ ವೃತ್ತ. ನಡುವೆ ಕುಷ್ಟನ ಸಿಮೆಂಟಿನ ಪ್ರತಿಮೆ. ಸುತ್ತ ಹೂವಿನ ಗಿಡ, ಕಬ್ಬಿಣದ ಬೇಲಿ. ಕುಷ್ಟ ಹೇಳಿಯೇ ಹೇಳಿದ.

"ನಾ ಸಾಯ್ಲಿಲ್ಲೆ ಅಲ್ದಾ ಶೇಖರಣ್ಣ?"

"ಒಂದಿನ ಸಾಯ್ತ್ಯಲೆ. ಮುಂಚೆನೇ ಮಾಡಿಟ್ರೆ ಆಯ್ತ್."

"ಹಾಂಗಾರೆ ರಾಮಂದ್ ಮಾಡಿ. ಅವ ಸತ್ತಿದ್ದ."

"ಅವ ನಮ್ಮೂರಿನವ ಅಲ್ಲ."

"ದೇಶ ಅಂದ್ರಿ, ಈಗ ಊರ್ ಅಂತ್ರಿ?"

ಶೇಖರಣ್ಣನಿಗೆ ಫೋನ್ ಬಂತು. ಇಂಥ ಹೊತ್ತಿನಲ್ಲಿ ಅವರಿಗೆ ಯಾವಾಗಲೂ ಫೋನ್ ಬರುತ್ತದೆ.

ನಮಗೆ ಹೇಳಿ ಕಳಿಸಿದರು: ಉದ್ಘಾಟನೆಯ ದಿನ ಬೆಳಿಗ್ಗೆಯೊಳಗೆ ಟಾರ್ಪಾಲು, ಬುಟ್ಟಿ, ಐಸಿನ ಪೆಟ್ಟಿಗೆ ಎಲ್ಲ ಎತ್ತಬೇಕು. ನಾನೂ ಸರಸಳೂ ಲಾಡ್ಜಿಗೆ ಹೋದೆವು. ಒಳಗೆ ಬಿಡಲಿಲ್ಲ. ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಲ್ಲಿಸಿದರು. ನಾವು ನಿಂತ ಜಾಗಕ್ಕೆ ಒಬ್ಬ ಆಳು ಬಂದು ಫಿನಾಯಿಲ್ ಹೊಯ್ದು ಹೋದ. ನಾವು ಇನ್ನೂ ಅಲ್ಲೇ ನಿಂತಿದ್ದೆವು, ಕಾಲಿನ ಮೇಲೇ ಹೊಯ್ದ.

ಶೇಖರಣ್ಣ ಮೇಲಿನಿಂದಲೇ ಹೇಳಿದರು. "ಯೋಧನ ಬುಡದಗೆ ಮೀನಿನ ವಾಸ್ನೆ ಬಪ್ಪುಕಾಗ ಚಂದ್ರಮತಿ. ದೇಶಕ್ಕೆ ಅಂತ ಅಷ್ಟ್ ಜಾಗ ಬಿಟ್ಕೊಡುಕೆ ಆತಿಲ್ಯಾ ನಿಮ್ಗೆ?"

"ಯೋಧ ಹುಟ್ಟಿದ್ದೇ ಮೀನಿನ ವಾಸ್ನೆಯಗೆ. ಹೆತ್ತ ಅಬ್ಬಿ ಅವ್ನನ್ನ ಬುಟ್ಟಿ ಪಕ್ಕ ಮಲ್ಸ್ಕಂಡೇ ಮೀನ್ ಮಾರಿದ್" ಅಂದೆ.

"ಯೋಧನಿಗೆ ಅವಮಾನ ಮಾಡ್‌ಬ್ಯಾಡ!" ಎಂದು ಗದರಿದರು.

ಅಷ್ಟು ಹೇಳಿದರೆ ಮುಗಿಯಿತು. ಪಂಚಾಯ್ತಿಯವರೂ ಬಾಯಿ ಮುಚ್ಚಿದರು, ಪೊಲೀಸರೂ ಬೂತಾಯಿ ಕೊಳ್ಳುವುದು ನಿಲ್ಲಿಸಿದರು. ಯೋಧನ ಎದುರು ಮಾತಾಡುವವರು ಯಾರು? ನನ್ನ ತಮ್ಮನನ್ನೇ ಹಿಡಿಸೂಡಿ ಮಾಡಿ ನನ್ನನ್ನು ಗುಡಿಸಿದರು. ನನಗೆ ಮೈ ಉರಿಯಿತು. ಈಗಲೂ ಉರಿಯುತ್ತದೆ.

ನನ್ನ ಗಂಡ ದೋಣಿ ಮಗುಚಿ ಹೋದವನು. ಹೆಣ ಗಂಗೊಳ್ಳಿ ಕಡೆ ದಡಕ್ಕೆ ಬಂತು. ಊರಿಗೆಲ್ಲ ಮೀನು ತಿನ್ನಿಸಿದವನಿಗೆ ಜೀಪು ಇಲ್ಲ, ಚೆಂಡೆ ಇಲ್ಲ. ಇರಲಿ, ಸತ್ತವನಿಗೆ ಚೆಂಡೆ ಕೇಳುವುದಿಲ್ಲ. ಆದರೆ ಇವರಿಗೆ ಉಣ್ಣಿಸಿದವನು ಯಾಕೆ ಕಾಣುವುದಿಲ್ಲ, ಕೊಂದವನೇ ಯಾಕೆ ಬೇಕು? ಕುಷ್ಟ ಮಿಲಿಟರಿಯಲ್ಲೂ ಉಣ್ಣಿಸಿದವನೇ. ಅವನ ಕೈಗೆ ಸೌಟು ಕೊಟ್ಟು ಪ್ರತಿಮೆ ಮಾಡಿ ನೋಡುವಾ! ಮಾಡುವುದಿಲ್ಲ. ಕೊಲ್ಲದವನನ್ನು ಕೊಂದ ಎಂದು ಹೇಳಿಯಾದರೂ ಕೈ ಮುಗಿಯಬೇಕು ಇವರಿಗೆ. ಥತ್!

ಉದ್ಘಾಟನೆಯ ದಿನ ಬಂತು. ನಾವು ಜಾಗ ಬಿಟ್ಟು ಹೋಗಲಿಲ್ಲ. ಬುಟ್ಟಿ ಹಿಡಿದು ಸ್ವಲ್ಪ ಆಚೆ ನಿಂತೆವು, ಅಷ್ಟೆ. ತೆಕ್ಕಟ್ಟೆಯಿಂದ ಲಾರಿಯಲ್ಲಿ ಪ್ರತಿಮೆ ಹೊರಟಿತು. ಮಾಡಿದವನು ಮನೆ ಗೇಟಿಗೆ ಸಿಮೆಂಟಿನ ಹುಲಿ, ಸಿಂಹ ಮಾಡುವವನು. ಯೋಧನೂ ಸ್ವಲ್ಪ ಹುಲಿ ಹಾಗೆಯೇ ನಿಂತಿದ್ದ. ಕೈಯಲ್ಲಿ ಬಂದೂಕು, ಹಲಗೆಯಂಥ ಎದೆ, ಗೇಣುದ್ದ ಮೀಸೆ. ಕುಷ್ಟನಿಗೆ ಜನ್ಮದಲ್ಲಿ ಮೀಸೆ ಬಂದದ್ದಿಲ್ಲ. ಮುಖ ಯಾರದ್ದೋ ಹಾಗಿದೆಯಲ್ಲ ಎಂದು ನೋಡಿದರೆ ಶೇಖರಣ್ಣನದ್ದೇ! ಕುಷ್ಟ ಫೋಟೋ ಕೊಟ್ಟಿರಲಿಲ್ಲ. ತಡ ಆಗುತ್ತದೆ ಎಂದು ಶೇಖರಣ್ಣನೇ ಹೋಗಿ ಎದುರು ಕೂತಿದ್ದರಂತೆ.

ಲಾರಿ ಹೈವೇ ಬಿಟ್ಟು ಬದಿಗೆ ಇಳಿದದ್ದೇ ತಡ, ಚಕ್ರ ಮರಳಿನಲ್ಲಿ ಹೂತಿತು. ನಮ್ಮೂರಲ್ಲಿ ನೆಲ ಎಂದರೆ ಮೇಲೆ ಮಾತ್ರ ನೆಲ, ಕೆಳಗೆ ಸಮುದ್ರವೇ. ಕ್ರೇನಿನವನು ಬೈಂದೂರಲ್ಲಿ ಇದ್ದೇನೆ, ಸಂಜೆ ಬರುತ್ತೇನೆ ಎಂದ. ಮುಖ್ಯ ಅತಿಥಿಗಳು ಬಂದು ಕೂತಾಗಿತ್ತು. ಮುಂಬೈಯಲ್ಲಿ ಹೋಟೆಲು ಇಟ್ಟವರು, ಗಡಿಯಾರ ನೋಡುವವರು. ಶೇಖರಣ್ಣ ಬೆವರು ಒರೆಸುತ್ತಾ ದಡಕ್ಕೆ ಓಡಿದರು.

ದಡದಲ್ಲಿ ನಮ್ಮ ಹಳೇ ಮೀನುಗಾರ ಬಚ್ಚಜ್ಜನ ಕೈರಂಪಣಿ ಬಲೆ ಆಗ ತಾನೇ ಮೇಲೆ ಬಂದಿತ್ತು. ದಡದಿಂದ ಹಗ್ಗ ಹಾಕಿ ಊರಿಗೆ ಊರೇ ಎಳೆಯುವ ಬಲೆ ಅದು. ಅದಕ್ಕೊಂದು ಕಟ್ಟಳೆ ಇದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಗಂಡಸು, ಹೆಂಗಸು, ಮುದುಕ, ಬೀಚು ನೋಡಲು ಬಂದವನು, ಯಾರೇ ಆಗಲಿ. ದೂರ ನಿಂತು "ಹಾಂಗೆ ಎಳಿ, ಹೀಂಗೆ ಎಳಿ" ಅನ್ನುವವನಿಗೆ ಒಂದು ಸಿಗಡಿಯೂ ಇಲ್ಲ.

"ಬಚ್ಚಜ್ಜ, ನಿಮ್ಮ ಹಗ್ಗ, ನಿಮ್ಮ ಜನ ಬೇಕಿತ್ತ್" ಅಂದರು ಶೇಖರಣ್ಣ.

ಬಚ್ಚಜ್ಜ ಬೀಡಿ ಹೊತ್ತಿಸಿಕೊಂಡ. ಅವನಿಗೆ ಯಾವತ್ತೂ ಅರ್ಜೆಂಟ್ ಇಲ್ಲ. "ಹಗ್ಗಕ್ಕೆ ಕೈ ಹಾಕ್ದರಿಗೆಲ್ಲ ಪಾಲ್ ಇತ್ತ್. ಗೊತ್ತಿತ್ತಲೆ ಶೇಖರ?"

"ಕೊಡುವ, ಕೊಡುವ! ಒಂದ್ಸಲ ಬನಿ ಮಾರಾಯ್ರೆ!"

ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಲಾಡು, ಸೋಡಾ ಎಂದುಕೊಂಡಿದ್ದರೋ ಏನೋ. ಸರಸ ನನ್ನ ಸೊಂಟಕ್ಕೆ ತಿವಿದಳು. ನಾನು ಬುಟ್ಟಿ ಕೆಳಗಿಟ್ಟು ಸೆರಗು ಬಿಗಿದೆ.

ಹೋಯ್, ಎಳೆದೆವು ನೋಡಿ! ಪ್ರತಿಮೆಯನ್ನು ಲಾರಿಯಿಂದ ಜಾರಿಸಿ ಇಳಿಸಿ, ಸೊಂಟಕ್ಕೆ ಬಲೆಯ ಹಗ್ಗ ಸುತ್ತಿ, ಕೆಳಗೆ ತೆಂಗಿನ ದಿಮ್ಮಿ ಕೊಟ್ಟು, ಎರಡು ಸಾಲು ನಿಂತೆವು. ಐಸಾ, ಐಲೇಸಾ! ಅಂಗೈ ಸಿಪ್ಪೆ ಎದ್ದಿತು. ಹಿಮ್ಮಡಿ ಮರಳು ತೋಡಿತು. ಯೋಧ ಎರಡು ಗೇಣು ಬಂದು ಒಂದು ಗೇಣು ಹಿಂದೆ ಜಾರುತ್ತಿದ್ದ. ಕುಷ್ಟ ಜೀಪಿನಲ್ಲಿ ಮಾಲೆ ಹಾಕಿಕೊಂಡು ನಿಂತು ನೋಡುತ್ತಿದ್ದ. ತಡೆಯಲಿಕ್ಕಾಗಲಿಲ್ಲ ಅವನಿಗೆ. ಕೆಳಗೆ ಹಾರಿದ. ಯೂನಿಫಾರ್ಮಿನ ಅಂಗಿ ಬಿಚ್ಚಿ ಜೀಪಿಗೆ ಎಸೆದ. ಬನಿಯನ್ನಿನಲ್ಲಿ ಬಂದು ನನ್ನ ಹಿಂದೆ ಹಗ್ಗ ಹಿಡಿದ. ತನ್ನ ಪ್ರತಿಮೆಯನ್ನು ತಾನೇ ಎಳೆದ ಯೋಧ ಲೋಕದಲ್ಲಿ ಅವನೊಬ್ಬನೇ ಇರಬೇಕು. ಮುಂಬೈಯ ಅತಿಥಿಯೂ ಹಗ್ಗದ ತುದಿ ಹಿಡಿದು ಫೋಟೋ ತೆಗೆಸಿಕೊಂಡರು. ಶೇಖರಣ್ಣ ಮಾತ್ರ ಬಾವುಟ ಬೀಸುತ್ತಾ, "ಹಾಂಗೆ ಎಳಿ, ಹೀಂಗೆ ಎಳಿ" ಎನ್ನುತ್ತಿದ್ದರು.

ಪ್ರತಿಮೆ ವೃತ್ತದ ನಡುವಿನ, ಬೇಲಿ ಇನ್ನೂ ಬಾರದ ಕಟ್ಟೆ ಹತ್ತಿತು. ನಿಂತಿತು. ಅದಕ್ಕೆ ಪರದೆ ಹೊದಿಸಿ, ಪರದೆ ಸರಿಸಿ ಚಪ್ಪಾಳೆ ಹೊಡೆದಾಯಿತು. ಶೇಖರಣ್ಣ ನಮ್ಮ ಕಡೆ ಕೈ ಬೀಸಿ, "ಹೂಂ, ಇನ್ನ್ ಬುಟ್ಟಿ ತಕಂಡ್ ಹೊರಡಿ" ಎಂದರು.

"ಪಾಲ್?" ಅಂದ ಬಚ್ಚಜ್ಜ.

ಲಾಡಿನ ಪೆಟ್ಟಿಗೆ ಬಂತು. ಬಚ್ಚಜ್ಜ ಅದನ್ನು ಬೆರಳಲ್ಲಿ ಆಚೆ ತಳ್ಳಿದ. "ಇದ್ ಪಾಲಲ್ಲ. ಬಲೆಯಗೆ ಎಂತ ಬಂತೋ ಅದ್ರಗೆ ಪಾಲ್. ಇವತ್ ಬಂದದ್ದ್ ಇದ್" ಎಂದು ಪ್ರತಿಮೆ ತೋರಿಸಿದ.

"ಮೀಸೆ ನಂಗೆ!" ಎಂದಳು ಸರಸ. "ನಮ್ಮನೆಯವ್ರಿಗೆ ಸಮಾ ಬರ್ಲಿಲ್ಲೆ." ಒಬ್ಬಳು ಬಂದೂಕು ಬೇಕು, ಬಾಗಿಲಿಗೆ ಅಗಳಿ ಮಾಡುತ್ತೇನೆ ಅಂದಳು. ಅತಿಥಿಗೂ ಪಾಲಿದೆ ಎಂದು ಬಚ್ಚಜ್ಜ ಪ್ರತಿಮೆಯ ಎಡಗಾಲಿನ ಬೂಟು ತೋರಿಸಿದ. ಅವರು ಬೇಡ ಎನ್ನಲೂ ಆಗದೆ, ಹೊರಲೂ ಆಗದೆ ಕೂತರು. ಎಲ್ಲರ ಫೋನೂ ಮೇಲೆದ್ದಿತು.

"ನಾನ್ ದುಡ್ಡ್ ಹಾಕಿದ್ದ್!" ಎಂದು ಕೂಗಿದರು ಶೇಖರಣ್ಣ.

"ಹೌದೌದು, ಬಲೆ ಯಜಮಾನನಿಗೂ ಪಾಲ್ ಇತ್ತ್" ಎಂದ ಬಚ್ಚಜ್ಜ. "ಮುಖ ತಕೋ. ಹ್ಯಾಂಗೂ ನಿಂದೇ ಅಲ್ದಾ?"

ಜನ ಬಿದ್ದು ಬಿದ್ದು ನಕ್ಕರು. ಶೇಖರಣ್ಣನ ಮುಖ ಕೆಂಪಾಯಿತು. ಸಿಮೆಂಟಿನ ಮುಖ ಹಾಗೇ ಇತ್ತು. "ಒಡೀರಿ ಕಾಂಬ! ಯೋಧನಿಗೆ ಅವಮಾನ! ಪೊಲೀಸ್ ಕರಿತೆ!" ಎಂದರು. ನಗು ಟಕ್ಕನೆ ನಿಂತಿತು. ಆ ಮಾತಿಗೆ ಅಷ್ಟು ಶಕ್ತಿ.

ಕುಷ್ಟ ಮೈಕಿನ ಕಡೆ ಹೊರಟ. ಜೀಪಿನಿಂದ ಯೂನಿಫಾರ್ಮಿನ ಅಂಗಿ ಎತ್ತಿ ಮತ್ತೆ ತೋಳು ಹಾಕುತ್ತಿದ್ದ. ಅವನು ಅದನ್ನು ಹಾಕಿಕೊಂಡು, "ನನ್ನ ಅಕ್ಕನಿಗೆ ಜಾಗ ಬಿಡಿ" ಎಂದರೆ ಸಾಕು, ಊರು ಕೈ ಮುಗಿದು ಬಿಡುತ್ತಿತ್ತು. ನನಗೆ ಗೊತ್ತು. ಅದಕ್ಕೇ ಅವನ ರಟ್ಟೆ ಹಿಡಿದೆ.

"ಬ್ಯಾಡ ಕುಷ್ಟ. ಅಂಗಿ ಬಿಚ್ಚ್."

"ನಾ ಹೇಳ್ರೆ ಕೇಳ್ತ್ರ್ ಅಕ್ಕ."

"ಅದೇ ನಂಗ್ ಬ್ಯಾಡ್ದ್. ನಾನ್ ಹೇಳ್ರೂ ಕೇಳ್‌ಕ್. ನನ್ ಬಾಯಿ ಎಂತ ಬಾಡ್ಗಿದಾ? ಇಷ್ಟ್ ವರ್ಷ ನಾವ್ ಹೇಳದ್ದ್ ಕೇಳ್ದೆ ಇದ್ದರ್ ಈಗ ಒಂದ್ ಅಂಗಿ ಕಂಡ್ ಕೇಳ್‌ಕಾ? ಹಾಂಗ್ ಸಿಕ್ಕಿದ್ ಜಾಗ ನಂಗ್ ಬ್ಯಾಡ. ನಾನ್ ಹಗ್ಗ ಎಳ್ದಿದೆ. ಕಾಣಿ!"

ಅಂಗೈ ಎತ್ತಿ ಎಲ್ಲರಿಗೂ ತೋರಿಸಿದೆ. ಸಿಪ್ಪೆ ಎದ್ದು ನೆತ್ತರು ಜಿನುಗುತ್ತಿತ್ತು. ಸರಸ ಎತ್ತಿದಳು. ಬಚ್ಚಜ್ಜ ಎತ್ತಿದ. ಹಗ್ಗ ಹಿಡಿದವರೆಲ್ಲ ಎತ್ತಿದರು. ಕುಷ್ಟ ಅಂಗಿ ಬಿಟ್ಟು ತನ್ನ ಅಂಗೈ ಎತ್ತಿದ.

"ಶೇಖರಣ್ಣ, ನಾವ್ ಒಡಿತಿಲ್ಲೆ" ಅಂದೆ. "ಒಡ್ದ್ರೆ ನಿಮ್ಗೆ ಬೇಜಾರ್. ಪಾಲ್ ಮಾಡ್ದೆ ಇಡೀ ಇರ್ಲಿ. ಆದ್ರೆ ದಡದಗೆ ಪಾಲ್ ಬಿಟ್ಟ್ ಹೋರೆ ಕಾಗೆ ತಕಂಡ್ ಹೋತ್ತ್. ನಮ್ಮ ಪಾಲ್ ಕಾಯ್ಕಂಡ್ ನಾವ್ ಇಲ್ಲೇ ಕೂಕಂತೊ."

ಕೂತೆ. ಕಟ್ಟೆಯ ಮೇಲೆಯೇ, ಬುಟ್ಟಿ ಸಮೇತ. ಸರಸ ಮೀಸೆಯ ನೆರಳಿಗೆ ಕೂತಳು. ಉಳಿದವರು ಸುತ್ತ ಕೂತರು. ಮುಂಬೈಯ ಅತಿಥಿ ಒಂದು ಗಳಿಗೆ ತಲೆ ತುರಿಸಿ, ತಮ್ಮ ಬೂಟಿನ ಪಕ್ಕ ಬಂದು ನಿಂತು, "ಬಂಗುಡೆ ಹ್ಯಾಂಗೆ?" ಎಂದು ಕೇಳಿದರು. ಶೇಖರಣ್ಣ ಪೊಲೀಸರನ್ನು ಕರೆದರು. ಪೊಲೀಸರು ಬಂದರು. ನಮ್ಮನ್ನು ಎಬ್ಬಿಸಬೇಕಾದರೆ ಕೈ ಪ್ರತಿಮೆಗೆ ತಾಗುತ್ತದೆ, ತಾಗಿದರೆ ಯೋಧನಿಗೆ ಅವಮಾನ. ತಲೆಬಿಸಿ ಮಾಡಿಕೊಂಡು ಬೂತಾಯಿ ಕೊಂಡು ಹೋದರು.

ನಾವು ಇನ್ನೂ ಎದ್ದಿಲ್ಲ. ಬಂದೂಕಿನ ತುದಿಗೆ ತಕ್ಕಡಿ ತೂಗು ಹಾಕಿದ್ದೇವೆ. ಇಲ್ಲಿಯವರೆಗೆ ಆ ಬಂದೂಕಿನಿಂದ ಆದ ಉಪಕಾರ ಅದೊಂದೇ.

ಕುಷ್ಟ ತನ್ನ ಪಾಲಿಗೆ ಕೆಳಗಿನ ಹೆಸರಿನ ಕಲ್ಲು ಕೇಳಿದ. ಅದರಲ್ಲಿದ್ದ ತನ್ನ ಹೆಸರಿಗೆ ಸುಣ್ಣ ಬಳಿದು, ಕಪ್ಪು ಪೇಂಟಿನಲ್ಲಿ ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದ: "ರಾಮ. ಆಲೂಗಡ್ಡೆ ಸುಲಿಯುತ್ತಿದ್ದ. ಹೆದರಿಕೆ ಆಗಿತ್ತು. ಮನೆಗೆ ಹೋಗಬೇಕೆಂದಿದ್ದ."

ಈಗ ಕಾರಿನವರು ಓಡಿ ಬರುತ್ತಾರೆ. ಪ್ರತಿಮೆ ನೋಡಿ ಸೆಲ್ಯೂಟಿಗೆ ಕೈ ಎತ್ತುತ್ತಾರೆ. ಅಕ್ಕಪಕ್ಕ ಕೇಳಿ ಕುಷ್ಟನ ಪ್ರತಿಮೆ ಎಂದು ತಿಳಿದು, ಅವನು ಸತ್ತ ಎಂದುಕೊಂಡವರು ನನ್ನ ಹತ್ತಿರ ಬಂದು ಅಳುತ್ತಾರೆ. ಸ್ವಲ್ಪ ಜನ ಬಗ್ಗಿ ಕಲ್ಲು ಓದುತ್ತಾರೆ. ಓದಿದ ಮೇಲೆ ಎತ್ತಿದ ಕೈ ಏನು ಮಾಡುವುದು ಎಂದು ಅವರಿಗೆ ಗೊತ್ತಾಗುವುದಿಲ್ಲ. ಮುಗಿಯುವುದಾ, ಇಳಿಸುವುದಾ? ಹಾಗೇ ನಿಂತಿರುತ್ತಾರೆ.

"ಹ್ವಾಯ್, ಕೈ ಖಾಲಿ ಇದ್ರೆ ಈ ಬುಟ್ಟಿಗೆ ಒಂಚೂರ್ ಕೈ ಕೊಡಿ" ಎನ್ನುತ್ತಾಳೆ ಸರಸ. "ಹಿಡ್ದರಿಗೆ ಪಾಲ್ ಇತ್ತ್."